ರೇಡಿಯೋಗೆ ಹಾಡಿದೋರ ದನಿ ಮೂರೇ ತಿಂಗಳಿಗಾ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೆಲಿ ಓದುಗರೊಬ್ಬರು ಬರೆದಿದ್ರು, ನಾವು ಚಿಕ್ಕವರಿದ್ದಾಗ ರೇಡಿಯೋದಲ್ಲಿ ಬರ್ತಿದ್ದ ನಮ್ಮ ಕಡೆ ಹಾಡು, ನಾಟಕ, ಮಾತು ಎಲ್ಲ ಈಗ ಹುಡುಕಿದ್ರೂ ಸಿಗಲ್ಲ ಅಂತ. ಓದಿ ಎರಡು ದಿನ ಸುಮ್ಮನಿದ್ದೆ, ಆಮೇಲೆ ತಡ್ಕೊಳ್ಳೋಕಾಗ್ಲಿಲ್ಲ, ಯಾಕಂದ್ರೆ ಅದು ಸಿಗದೇ ಹೋಗೋದು ಹೇಗೆ ಅಂತ ನಾನು ಒಳಗೇ ಇದ್ದು ನೋಡಿದೀನಿ. ಹದಿನಾಲ್ಕು ವರ್ಷದಿಂದ ಶಿವಮೊಗ್ಗದಲ್ಲಿ ರೇಡಿಯೋ, ಆಡಿಯೋ ಕೆಲಸ ಮಾಡ್ತಿದೀನಿ, ಪ್ರೊಡಕ್ಷನ್ ಕೋಆರ್ಡಿನೇಟರ್ ಅಂತ. ಊರು ತೀರ್ಥಹಳ್ಳಿ ಕಡೆ.

ಕೋಆರ್ಡಿನೇಟರ್ ಅಂದ್ರೆ ಎಂತ ಕೆಲಸ ಅಂತ ನಮ್ಮಮ್ಮನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ, ಮೈಕ್ ಮುಂದೆ ಮಾತಾಡೋಳಲ್ಲ, ಎಡಿಟಿಂಗ್‌ಗೆ ಬೇರೆಯವರಿದಾರೆ, ಮತ್ತೆ ನೀನು ದಿನಾ ಎಂಟು ಗಂಟೆ ಏನು ಮಾಡ್ತೀಯಾ ಅಂತಾರೆ. ಸ್ಟುಡಿಯೋ ಯಾವಾಗ ಖಾಲಿ ಇದೆ, ಹೊಸನಗರದಿಂದ ಬರೋ ಕಲಾವಿದರಿಗೆ ವಾಪಸ್ ಬಸ್ಸು ಎಷ್ಟೊತ್ತಿಗೆ, ಫೋನ್‌ಇನ್‌ಗೆ ಒಪ್ಕೊಂಡ ಡಾಕ್ಟ್ರು ಕೊನೇ ಗಳಿಗೆಲಿ ಆಪರೇಷನ್‌ಗೆ ಹೋದ್ರೆ ಬದಲಿಗೆ ಯಾರು, ಹಳ್ಳಿಗೆ ಹೋಗೋ ಹುಡುಗನ ರೆಕಾರ್ಡರ್‌ಗೆ ಇನ್ನೊಂದು ಜೊತೆ ಸೆಲ್ ಇದ್ಯಾ, ಒಪ್ಪಿಗೆ ಪತ್ರಕ್ಕೆ ಸೈನ್ ಆಯ್ತಾ, 28 ನಿಮಿಷಕ್ಕೆ ಮುಗೀಬೇಕಾದ ಕಾರ್ಯಕ್ರಮ 31 ಆಗಿದ್ರೆ ಎಲ್ಲಿ ಕತ್ತರಿ ಹಾಕ್ಬೇಕು, ಅನೌನ್ಸರ್‌ಗೆ ಕೊಡೋ ಹಾಳೆಲಿ (ಕ್ಯೂ ಶೀಟ್) ಕಾರ್ಯಕ್ರಮದ ಕೊನೇ ಮಾತು ಯಾವುದು ಅಂತ ಬರೆದಿದೀವಾ, ಇಲ್ಲ ಅಂದ್ರೆ ಅನೌನ್ಸರ್ ಮಧ್ಯದಲ್ಲೇ ಬಾಯಿ ಹಾಕಿಬಿಡ್ತಾರೆ. ಇದೆಲ್ಲ ನಾನು ನೋಡ್ಕೋಬೇಕು. ಇದರಲ್ಲಿ ಎಲ್ಲಕ್ಕಿಂತ ಚಿಕ್ಕದು ಅಂತ ಎಲ್ಲರೂ ಅಂದ್ಕೊಂಡಿರೋ ಕೆಲಸ ಒಂದಿದೆ, ರೆಕಾರ್ಡಿಂಗ್ ಆದಮೇಲೆ ಲಾಗ್ ಬರೆಯೋದು. ಯಾರು, ಯಾವ ಊರು, ಯಾವತ್ತು, ಎಷ್ಟು ನಿಮಿಷ, ಫೈಲ್ ಯಾವ ಹೆಸರಲ್ಲಿದೆ, ಎಲ್ಲಿದೆ. ಈ ಪತ್ರ ಬರೀತಿರೋದೇ ಆ ಚಿಕ್ಕ ಕೆಲಸದ ಬಗ್ಗೆ.

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ (ಹೆಸರು ಬೇಡ) ನಟ್ಟಿ ಹಾಡುಗಳ ಒಂದು ಸರಣಿ ಮಾಡಿದ್ವಿ. ಮಲೆನಾಡಲ್ಲಿ ಗದ್ದೆ ನಟ್ಟಿ ಮಾಡುವಾಗ ಹೆಂಗಸರು ಹೇಳ್ತಿದ್ದ ಪದಗಳು. ಈಗ ಗದ್ದೆ ಬಯಲೆಲ್ಲ ಅಡಿಕೆ ತೋಟ ಆಗ್ತಾ ಇದೆ, ನಟ್ಟಿನೇ ಇಲ್ದಿದ್ಮೇಲೆ ನಟ್ಟಿ ಪದ ಎಲ್ಲಿಂದ ಬರಬೇಕು. ಹಾಗೇ ಹುಡುಕ್ತಾ ಹೋದಾಗ ಒಬ್ಬ ಅಜ್ಜಿ ಸಿಕ್ಕಿದ್ರು, ಎಂಬತ್ತು ದಾಟಿತ್ತು, ದನಿ ಮಾತ್ರ ಗಟ್ಟಿ. ಅವರ ಮನೆಯವರನ್ನ ಕೇಳಿಲ್ಲ, ಅದಕ್ಕೆ ಹೆಸರು ಇಲ್ಲಿ ಬರೆಯಲ್ಲ. ಆಷಾಢದ ಮಳೆ, ಹಂಚಿನ ಮೇಲೆ ಹುಯ್ಯೋ ಸದ್ದಿಗೆ ಜಗಲೀಲಿ ರೆಕಾರ್ಡ್ ಮಾಡೋಕಾಗ್ಲಿಲ್ಲ, ಒಳಗೆ ಭತ್ತದ ಚೀಲ ಇಟ್ಟಿದ್ದ ಕೋಣೆಲಿ ಕೂರಿಸಿದ್ವಿ, ಚೀಲಗಳು ಇದ್ದಿದ್ದು ಒಳ್ಳೇದೇ ಆಯ್ತು, ದನಿ ಗೋಡೆಗೆ ಬಡಿದು ವಾಪಸ್ ಬರ್ಲಿಲ್ಲ. ಫ್ರಿಜ್ ಆಫ್ ಮಾಡ್ಸಿದ್ವಿ. ಹಾಡು ಶುರು ಮಾಡೋ ಮುಂಚೆ ಒಂದು ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತ್ಕೋಬೇಕು ಅಂದೆ, ಕೋಣೆಯ ಸದ್ದು ಅಂತ ಅದನ್ನ ಬೇರೆ ತಗೋತೀವಿ, ಎಡಿಟಿಂಗ್‌ನಲ್ಲಿ ಎರಡು ತುಂಡು ಸೇರಿಸುವಾಗ ನಡುವೆ ಹಾಕೋಕೆ ಬೇಕು. ಅಜ್ಜಿ ಅದಕ್ಕೆ "ಎಂತಕ್ಕೆ ಮಗಾ ಸುಮ್ಮನೆ ಕೂತಿದ್ದನ್ನೂ ಹಿಡ್ಕೊಂಡು ಹೋಗ್ತೀರಿ?" ಅಂದ್ರು. ಒಂದು ಗಂಟೆ ಹತ್ತು ನಿಮಿಷ ಹಾಡಿದ್ರು, ಮಧ್ಯೆ ಮಧ್ಯೆ ಯಾವ ಗದ್ದೆಲಿ ಯಾರ ಜೊತೆ ಕಲಿತಿದ್ದು, ಒಬ್ಬರು ಎತ್ಕೊಟ್ರೆ ಉಳಿದೋರು ಹೇಗೆ ಸೊಲ್ಲು ಹಿಡೀಬೇಕು ಅಂತೆಲ್ಲ ಹೇಳಿದ್ರು. ಒಪ್ಪಿಗೆ ಪತ್ರ ನಾನೇ ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿದ್ರು. ಪ್ರಸಾರ ಆಗಿದ್ದು ಬರೀ ಹನ್ನೆರಡು ನಿಮಿಷ.

ಎರಡು ವರ್ಷ ಬಿಟ್ಟು ಅಜ್ಜಿ ಹೋದ್ರು. ವೈಕುಂಠ ಸಮಾರಾಧನೆ ಎಲ್ಲ ಮುಗಿದ ಮೇಲೆ ಅವರ ಮೊಮ್ಮಗಳು ಫೋನ್ ಮಾಡಿ, ಅಕ್ಕ, ಅಜ್ಜಿ ಹಾಡಿದ್ದು ಪೂರ್ತಿ ಇದ್ಯಲ್ಲ ನಿಮ್ಮ ಹತ್ರ, ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀರಾ, ಅಮ್ಮ ಕೇಳ್ಬೇಕು ಅಂತಿದಾರೆ ಅಂದ್ರು. ಅಷ್ಟೊತ್ತಿಗೆ ನಾನು ಬೇರೆ ಕಡೆ ಸೇರಿದ್ದೆ. ಹಳೇ ಆಫೀಸಿಗೆ ಹೋಗಿ ಕೇಳಿದೆ. ಕಂಪ್ಯೂಟರ್ ಬದಲಾಯಿಸಿದ್ರಂತೆ, ಹಾರ್ಡ್ ಡಿಸ್ಕ್ ತುಂಬಿತ್ತಂತೆ, ಜಾಗ ಬೇಕಿತ್ತು, ಹಳೇದೆಲ್ಲ ಫಾರ್ಮ್ಯಾಟ್ ಮಾಡಿದ್ವಿ ಅಂದ್ರು. ಪ್ರಸಾರ ಆದ ಹನ್ನೆರಡು ನಿಮಿಷನೂ ಇರ್ಲಿಲ್ಲ. ಅವರು ಕೆಟ್ಟೋರೇನಲ್ಲ, ಹಾಗೆ ಹೇಳೋಕೆ ನನಗೆ ಮನಸ್ಸಿಲ್ಲ, ಇಟ್ಕೋಬೇಕು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ ಅಷ್ಟೇ. ನನ್ನ ಹತ್ರ ಲಾಗ್ ಹಾಳೆಯ ಜೆರಾಕ್ಸ್ ಇತ್ತು. ಅದರಲ್ಲಿ ಅಜ್ಜಿ ಹೆಸರು, ಊರು, ದಿನಾಂಕ, ಒಂಬತ್ತು ಪದಗಳ ಮೊದಲ ಸಾಲು, ಪ್ರತಿಯೊಂದಕ್ಕೂ ನಿಮಿಷ ಸೆಕೆಂಡು, ಎಲ್ಲ ನನ್ನ ಕೈಬರಹದಲ್ಲಿ ಇದೆ. ದನಿ ಇಲ್ಲ. ಆ ಮೊಮ್ಮಗಳಿಗೆ ಹಾಳೆದು ಫೋಟೋ ಕಳಿಸಿದೆ, ಇನ್ನೇನು ಕಳಿಸೋದು.

ನಿಯಮ ಏನು ಅಂತ ಓದುಗರಿಗೆ ಗೊತ್ತಿರಲಿ. ಸಮುದಾಯ ರೇಡಿಯೋಗಳಿಗೆ, ಅಂದ್ರೆ ಒಂದು ಊರು, ಸುತ್ತಲ ಹಳ್ಳಿಗಳಿಗೆ ಅಂತ ಸಂಸ್ಥೆಗಳು ನಡೆಸೋ ಸಣ್ಣ ರೇಡಿಯೋಗಳಿಗೆ, ಸರ್ಕಾರದ ಮಾರ್ಗಸೂಚಿ ಇದೆ, 2002ರಲ್ಲಿ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಅನುಮತಿ ಕೊಟ್ಟು 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆಗೆದ್ರು. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಭಾಗ ಆ ಊರಿನ ಜನ ಸೇರಿ ಮಾಡಿದ್ದೇ ಆಗಿರಬೇಕು ಅಂತ ಅದರಲ್ಲಿದೆ, ಬಹಳ ಒಳ್ಳೆ ಮಾತು. ಪ್ರಸಾರ ಆಗಿದ್ದನ್ನ ಎಷ್ಟು ದಿನ ಇಟ್ಕೋಬೇಕು? ಮೂರು ತಿಂಗಳು. ಯಾರಾದ್ರೂ ದೂರು ಕೊಟ್ರೆ ತೆಗೆದು ಕೇಳೋಕೆ ಅಷ್ಟು ಸಾಕು, ನಾನು ಒಪ್ತೀನಿ. ಆದ್ರೆ ದೀಪಾವಳಿಗೆ ಬಿತ್ತರ ಆದ ಅಂಟಿಗೆ ಪಂಟಿಗೆ ಹಾಡು (ಹಬ್ಬದ ರಾತ್ರಿ ದೀಪ ಹಿಡ್ಕೊಂಡು ಮನೆ ಮನೆಗೆ ಬಂದು ಹಾಡೋದು) ಮುಂದಿನ ದೀಪಾವಳಿವರೆಗೂ ಇರಬೇಕು ಅಂತ ಎಲ್ಲೂ ಬರೆದಿಲ್ಲ, ಪ್ರಸಾರ ಆಗದೇ ಉಳಿದ ಐವತ್ತೆಂಟು ನಿಮಿಷದ ಬಗ್ಗೆ ಅಂತೂ ಒಂದಕ್ಷರ ಇಲ್ಲ. ಮೂರು ತಿಂಗಳು ಅನ್ನೋದು ಕಡಿಮೆ ಅಂದ್ರೆ ಇಷ್ಟು ಅಂತ ಹೇಳಿದ್ದು, ಅದಾದಮೇಲೆ ಅಳಿಸಿ ಅಂತ ಹೇಳಿದ್ದಲ್ಲ. ನಮ್ಮಲ್ಲಿ ಅದನ್ನ ಅಳಿಸೋಕೆ ಸಿಕ್ಕ ಪರ್ಮಿಷನ್ ಥರ ಓದ್ಕೋತಾರೆ.

ಜಾಗ ಇಲ್ಲ ಅನ್ನೋ ಮಾತು ಈಗ ನಿಲ್ಲಲ್ಲ. ಲೆಕ್ಕ ಹಾಕಿ ನೋಡಿ, ಒಳ್ಳೆ ಗುಣಮಟ್ಟದ ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ, ಒಂದು ಗಂಟೆಗೆ ಸುಮಾರು 1 ಜಿಬಿ ಆಗತ್ತೆ. ಒಂದು ಟಿಬಿ ಡಿಸ್ಕ್‌ನಲ್ಲಿ ಒಂಬೈನೂರಕ್ಕೂ ಜಾಸ್ತಿ ಗಂಟೆ ಹಿಡಿಯತ್ತೆ. ಎರಡು ಡಿಸ್ಕ್ ತಗೊಂಡು ಒಂದನ್ನ ಇಲ್ಲಿ, ಇನ್ನೊಂದನ್ನ ಬೇರೆ ಕಟ್ಟಡದಲ್ಲಿ ಇಟ್ರೆ ಮುಗೀತು. ದುಡ್ಡಿಗಿಂತ ಮುಖ್ಯ ಅದಕ್ಕೆ ಕೂತು ಹೆಸರು ಬರೆಯೋ ಒಬ್ಬ ಮನುಷ್ಯ ಬೇಕು, ಅವರಿಗೆ ತಿಂಗಳ ಸಂಬಳ ಬೇಕು. ಎಲ್ಲ ಕಡೆ ಮೊದಲು ತೆಗೆಯೋದು ಅದೇ ಹುದ್ದೆನ, ಮೈಕ್ ಮುಂದೆ ಇಲ್ಲದೋರು ತಾನೆ ಅಂತ.

ಕೃಷಿ ಕಾರ್ಯಕ್ರಮಗಳದ್ದೂ ಇದೇ ಕತೆ, ಇದು ಬರೀ ಜಾನಪದ ಹಾಡಿನ ವಿಷಯ ಅಂತ ತಿಳ್ಕೋಬೇಡಿ. ಪ್ರತಿ ಮಳೆಗಾಲ ಅಡಿಕೆಗೆ ಕೊಳೆ ರೋಗ ಬರತ್ತೆ, ಬೋರ್ಡೋ ದ್ರಾವಣ ಹೊಡೀಬೇಕು, ಶೇ 1ರದ್ದು ಅಂದ್ರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನ ಯಾವ ಕ್ರಮದಲ್ಲಿ ಬೆರೆಸಬೇಕು, ಹದ ಸರಿ ಇದ್ಯಾ ಅಂತ ಹೇಗೆ ನೋಡ್ಬೇಕು ಅಂತ ಹಿಂದೆ ಒಬ್ಬ ಅನುಭವಸ್ಥ ಅಧಿಕಾರಿ ನಮ್ಮ ರೈತರಿಗೆ ಅರ್ಥ ಆಗೋ ಭಾಷೆಲಿ ಇಪ್ಪತ್ತು ನಿಮಿಷ ಹೇಳಿದ್ರು. ನಾನು ಸ್ಕ್ರಿಪ್ಟ್ ಹಿಡ್ಕೊಂಡು ಪ್ರತಿ ಅಂಕಿನೂ ಎರಡೆರಡು ಸಲ ಕೇಳಿ ಟಿಕ್ ಹಾಕಿದ್ದೆ, ಒಂದು ಸೊನ್ನೆ ಆಚೀಚೆ ಆದ್ರೆ ಯಾರದೋ ತೋಟಕ್ಕೆ ಪೆಟ್ಟು. ಮುಂದಿನ ವರ್ಷ ಜೂನ್‌ನಲ್ಲಿ ಅದನ್ನೇ ಮತ್ತೆ ಹಾಕೋಣ ಅಂತ ಹುಡುಕಿದ್ರೆ ಫೋಲ್ಡರ್‌ನಲ್ಲಿ "ಫೈನಲ್", "ಫೈನಲ್ 2", "ಹೊಸ ಫೈನಲ್" ಅಂತ ಇದೆ, ಯಾವುದು ಅಂತ ಯಾರಿಗೂ ಗೊತ್ತಿಲ್ಲ, ನಾನು ಒಂದೊಂದೇ ಕೇಳ್ತಾ ಮಧ್ಯಾಹ್ನದ ಊಟ ಬಿಟ್ಟೆ. ಮಂಗನ ಕಾಯಿಲೆ ಬಗ್ಗೆನೂ ಹಾಗೇ. ಅದು ಮೊದಲು ಪತ್ತೆ ಆಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ, ಜಗತ್ತಿಗೆಲ್ಲ ಅದು ಕ್ಯಾಸನೂರಿನ ಹೆಸರಲ್ಲೇ ಗೊತ್ತು. ಬೇಸಿಗೆ ಬಂತಂದ್ರೆ ಕಾಡಿಗೆ ತರಗೆಲೆ, ಸೌದೆಗೆ ಹೋಗೋರು ಉಣುಗಿನಿಂದ ಹೇಗೆ ತಪ್ಪಿಸ್ಕೋಬೇಕು ಅಂತ ಹೇಳ್ತಾನೇ ಇರಬೇಕಾಗತ್ತೆ. ಕಾಯಿಲೆ ಬಂದು ಬದುಕಿದ ಒಬ್ಬರು ತಮ್ಮ ಬಾಯಿಂದ ಹೇಳಿದ್ದು ಡಾಕ್ಟ್ರ ಹತ್ತು ಮಾತಿಗಿಂತ ಜಾಸ್ತಿ ನಾಟತ್ತೆ. ಅಂಥ ದನಿ ಪ್ರತಿ ವರ್ಷ ಹೊಸದಾಗಿ ಹುಡುಕೋಕಾಗಲ್ಲ, ಹುಡುಕಬಾರದು ಕೂಡ, ಅವರ ಕಷ್ಟನ ಎಷ್ಟು ಸಲ ಕೆದಕೋದು.

ಉಳಿಸದೇ ಇರೋಕೆ ಹಿಂದಿನವರಿಗೆ ನೆಪ ಇತ್ತು. ಮೈಸೂರಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಅಲ್ಲಿಂದಾನೇ. ಟೇಪ್ ರೆಕಾರ್ಡರ್ ಅನ್ನೋದನ್ನ ಬರ್ಲಿನ್‌ನಲ್ಲಿ ಜನರ ಮುಂದೆ ಮೊದಲು ಇಟ್ಟಿದ್ದು ಅದೇ 1935ರಲ್ಲಿ. ಅವತ್ತು ಇಲ್ಲಿ ಹಾಡಿದೋರು ಹಾಡಿದ್ರು, ಕೇಳಿದೋರು ಕೇಳಿದ್ರು, ಅಲ್ಲಿಗೆ ಮುಗೀತು. ಆಮೇಲೆ ಟೇಪ್ ಬಂತು, ಕಾಲಿಂಚಿನ ಟೇಪನ್ನ ಬ್ಲೇಡಲ್ಲಿ ಓರೆಯಾಗಿ ಕುಯ್ದು ಅಂಟಿಸ್ತಿದ್ವಿ ಅಂತ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳೋರು. ಟೇಪಿಗೆ ದುಡ್ಡು ಜಾಸ್ತಿ, ಒಂದು ಕಾರ್ಯಕ್ರಮ ಅಳಿಸಿ ಅದೇ ಟೇಪಲ್ಲಿ ಇನ್ನೊಂದು ರೆಕಾರ್ಡ್ ಮಾಡ್ಲೇಬೇಕಿತ್ತು, ಅವರು ಅದನ್ನ ಹೇಳುವಾಗ ಯಾವ್ಯಾವುದನ್ನ ಅಳಿಸಿದ್ವಿ ಅಂತ ಒಂದೊಂದಾಗಿ ನೆನಪು ಮಾಡ್ಕೋತಿದ್ರು.

ನಮ್ಮ ಮನೇಲಿ ರೇಡಿಯೋ ಅಂದ್ರೆ ಭದ್ರಾವತಿ. 1965ರಿಂದ ಇರೋ ಕೇಂದ್ರ, 675 ಕಿಲೋಹರ್ಟ್ಸ್ ಮೀಡಿಯಂ ವೇವ್. ಆ ತರಂಗದ ಉದ್ದ ಲೆಕ್ಕ ಹಾಕಿದ್ರೆ ಸುಮಾರು 444 ಮೀಟರ್ ಬರತ್ತೆ, ಅಷ್ಟುದ್ದದ ಅಲೆ ನೆಲ ಹಿಡ್ಕೊಂಡು ಗುಡ್ಡ ಬಳಸ್ಕೊಂಡು ಬರತ್ತೆ, ಎಫ್‌ಎಂ ಅಲೆ ಮೂರು ಮೀಟರ್ ಆಸುಪಾಸಿಂದು, ಗುಡ್ಡದ ಆಚೆ ಮನೆಗಳಿಗೆ ಅದು ಸಿಗೋದು ಕಷ್ಟ. ಅದಕ್ಕೇ ನಮ್ಮ ಕಣಿವೆ ಮನೆಗಳಲ್ಲಿ ಎಷ್ಟೋ ವರ್ಷ ಮೀಡಿಯಂ ವೇವ್ ಒಂದೇ ಗತಿ. ಮಳೆಗಾಲದಲ್ಲಿ ವಾರಗಟ್ಲೆ ಕರೆಂಟಿಲ್ಲ, ಸೆಲ್ ಹಾಕಿದ ರೇಡಿಯೋ ಅಡುಗೆಮನೆ ಗೂಡಲ್ಲಿ, ಬೆಳಿಗ್ಗೆ 7 ಗಂಟೆ 5 ನಿಮಿಷಕ್ಕೆ ಪ್ರದೇಶ ಸಮಾಚಾರ ಬಂತು ಅಂದ್ರೆ ಅಮ್ಮ ನಮ್ಮನ್ನ ಎಬ್ಬಿಸೋರು. ನಮ್ಮ ಊರಿನ ಮಾತಾಡೋರ ದನಿ ರೇಡಿಯೋದಿಂದ ಬರೋದು ಅಂದ್ರೆ ಆಗ ಎಂಥ ವಿಷಯ ಅಂತ ಈಗಿನ ಮಕ್ಕಳಿಗೆ ಹೇಳಿದ್ರೆ ಗೊತ್ತಾಗಲ್ಲ. ಯಾರದಾದ್ರೂ ಕಾರ್ಯಕ್ರಮ ಇದೆ ಅಂದ್ರೆ ಕೇರಿಯೆಲ್ಲ ಕಾಯೋದು, ಕೆಲವರು ರೇಡಿಯೋ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್‌ಗೆ ಹಿಡಿಯೋರು.

ಆ ಕ್ಯಾಸೆಟ್‌ಗಳು! ಸಂಪಾದಕರೇ, ಸ್ಟುಡಿಯೋಗಳಲ್ಲಿ ಇಲ್ಲದ್ದು ಎಷ್ಟೋ ನಮ್ಮ ಮನೆಗಳ ಅಟ್ಟದಲ್ಲಿದೆ, ಇದನ್ನ ನಾನು ಗಟ್ಟಿಯಾಗಿ ನಂಬ್ತೀನಿ. ತಾಳಮದ್ದಳೆ, ಸೋಬಾನೆ, ಮದುವೆ ಮನೆ ಹಾಡು, ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡ್ಕೊಂಡು ಬಂದಾಗ ಬಾಗಿಲಲ್ಲೇ ಹಿಡಿದಿದ್ದು. ಮಲೆನಾಡ ಥಂಡಿಗೆ ಅವೆಲ್ಲ ಬೂಸ್ಟು ಹಿಡೀತಿವೆ. ಓದುಗರಿಗೆ ಕೈಮುಗಿದು ಕೇಳ್ತೀನಿ, ಬೂಸ್ಟು ಬಂದ ಕ್ಯಾಸೆಟನ್ನ ಕೇಳೋಣ ಅಂತ ಹಾಗೇ ಪ್ಲೇಯರ್‌ಗೆ ಹಾಕಬೇಡಿ, ಬೂಸ್ಟು ಪ್ಲೇಯರ್‌ನ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗತ್ತೆ, ಟೇಪ್ ಅಂಟ್ಕೊಂಡಿದ್ರೆ ಹರಿದೇಬಿಡತ್ತೆ. ಬಿಸಿಲಿಗೆ ಇಡಬೇಡಿ, ಒಲೆ ಮೇಲಿನ ಅಟ್ಟದಲ್ಲೂ ಬೇಡ, ಹೊಗೆ, ಶಾಖ ಎರಡೂ ಕೆಟ್ಟದ್ದು. ಒಣಗಿದ ಡಬ್ಬಿಲಿ ನಿಲ್ಲಿಸಿ ಇಡಿ, ಸ್ಪೀಕರ್ ಹತ್ರ ಇಡಬೇಡಿ, ಅದರ ಅಯಸ್ಕಾಂತ ಒಳ್ಳೇದಲ್ಲ. ಕ್ಯಾಸೆಟ್‌ನ ಮೇಲಂಚಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರತ್ತಲ್ಲ, ಅದನ್ನ ಮುರಿದುಬಿಡಿ, ಆಗ ಅದರ ಮೇಲೆ ಯಾರೂ ಗೊತ್ತಿಲ್ದೆ ರೆಕಾರ್ಡ್ ಮಾಡೋಕಾಗಲ್ಲ. ಇದೆಲ್ಲಕ್ಕಿಂತ ಮೊದಲು, ಇವತ್ತೇ, ಮನೇಲಿ ಹಿರಿಯರು ಇದ್ದಾಗಲೇ, ಇದರಲ್ಲಿರೋ ದನಿ ಯಾರದ್ದು ಅಂತ ಕೇಳಿ ಒಂದು ಚೀಟಿ ಮೇಲೆ ಬರೆದು ಒಳಗಿಡಿ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡೋ ಹುಡುಗರಿಗೂ ಒಂದು ಮಾತು. ರೆಕಾರ್ಡಿಂಗ್ ಶುರು ಮಾಡಿದ ತಕ್ಷಣ ನೀವೇ ಬಾಯಲ್ಲಿ ಹೇಳಿ, ಇವತ್ತು ಇಂಥ ತಾರೀಕು, ಇಂಥ ಊರು, ಇಂಥೋರ ಮನೆ, ಹಾಡ್ತಿರೋರು ಇಂಥವರು. ಫೈಲ್ ಹೆಸರು ಬದಲಾದ್ರೂ, ಹಾಳೆ ಕಳೆದ್ರೂ, ಆ ಮಾತು ಹಾಡಿನ ಜೊತೆಗೇ ಇರತ್ತೆ. ಹಾಡಿದೋರನ್ನ ಕೇಳಿ ಒಪ್ಪಿಗೆ ತಗೊಳ್ಳಿ. ಹಾಡಿದೋರಿಗೆ ಕಾನೂನಲ್ಲೂ ಹಕ್ಕಿದೆ, ನಮ್ಮ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಅದು 50 ವರ್ಷ ಇರತ್ತೆ, ಹಳ್ಳಿ ಅಜ್ಜಿ ತಾನೆ ಅಂತ ಎಲ್ಲೆಂದರಲ್ಲಿ ಹಾಕೋ ಹಾಗಿಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಥರ ಕಳಿಸಿದ್ರೆ ಗುಣಮಟ್ಟ ಇಳಿಯತ್ತೆ, ಮೂಲ ಫೈಲ್ ಬೇರೆ ಇಟ್ಕೊಳ್ಳಿ.

ಇನ್ನು ದೊಡ್ಡವರು ಮಾಡಬೇಕಾದ್ದು. ನಮ್ಮ ಜಿಲ್ಲೆಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಹಾವೇರಿ ಜಿಲ್ಲೆ ಗೊಟಗೋಡಿಲಿ ಜಾನಪದ ವಿಶ್ವವಿದ್ಯಾಲಯ ಇದೆ, ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದ್ತಿರೋ ಮಕ್ಕಳು ಪ್ರತಿ ವರ್ಷ ಇಂಟರ್ನ್‌ಶಿಪ್ ಎಲ್ಲಿ ಮಾಡೋದು ಅಂತ ಅಲೀತಿರ್ತಾರೆ. ರೇಡಿಯೋದೋರು ಮೂರು ತಿಂಗಳಾದ ಮೇಲೆ ಅಳಿಸೋ ಬದಲು ಒಂದು ಪ್ರತಿ ಜಿಲ್ಲಾ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಕೊಡಬೇಕು, ಜೊತೆಗೆ ಲಾಗ್ ಹಾಳೆನೂ ಕೊಡಬೇಕು. ಅಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರ್, ಚೆನ್ನಾಗಿರೋ ಒಂದು ಕ್ಯಾಸೆಟ್ ಪ್ಲೇಯರ್, ತೇವ ಹೀರೋ ಮೆಷಿನ್ ಒಂದು. ಜನ ಕ್ಯಾಸೆಟ್ ತಂದ್ರೆ ಅವರೆದುರೇ ಕಾಪಿ ಮಾಡಿ ಕ್ಯಾಸೆಟ್ ವಾಪಸ್ ಕೊಡಬೇಕು. 60 ನಿಮಿಷದ ಕ್ಯಾಸೆಟ್ ಕಾಪಿ ಮಾಡೋಕೆ 60 ನಿಮಿಷನೇ ಬೇಕು, ಅವಸರ ಮಾಡೋಕಾಗಲ್ಲ, ಅದಕ್ಕೇ ಕೂರೋ ಜನ ಬೇಕು ಅಂತ ನಾನು ಮತ್ತೆ ಮತ್ತೆ ಹೇಳ್ತಿರೋದು. ಅಂಥ ಕೋಣೆ ಒಂದಾದ್ರೆ ಭಾನುವಾರ ಭಾನುವಾರ ನಾನೇ ಬಂದು ಕೂತು ಲಾಗ್ ಬರೆಯೋದು ಹೇಗೆ ಅಂತ ಮಕ್ಕಳಿಗೆ ಕಲಿಸ್ತೀನಿ, ಸಂಬಳ ಕೇಳಲ್ಲ. ಆದ್ರೆ ದಿನಾ ಕೂರೋ ಆ ಒಬ್ಬರಿಗೆ ಸಂಬಳ ಕೊಡಲೇಬೇಕು.

ಕೊನೇದಾಗಿ ಒಂದು ಸಹಾಯ. ಹೋದ ಬೇಸಿಗೆಲಿ ಹೊಸನಗರ ಕಡೆ ಒಂದು ಹಳೇ ಮನೆ ಬಿಚ್ಚುವಾಗ ಸಿಕ್ಕಿದ ಕ್ಯಾಸೆಟನ್ನ ಪರಿಚಯದೋರೊಬ್ಬರು ನನಗೆ ತಂದುಕೊಟ್ರು. ಮೂರು ದಿನ ತಗೊಂಡು ಒರೆಸಿ ಒಣಗಿಸಿ ಕಾಪಿ ಮಾಡಿದೆ. ಒಂದು ಕಡೆ ಪೂರ್ತಿ ಹೋಗಿದೆ, ಇನ್ನೊಂದು ಕಡೆ 19 ನಿಮಿಷ ಅಂಟಿಗೆ ಪಂಟಿಗೆ ಹಾಡು, ಸ್ಪಷ್ಟವಾಗಿದೆ. ಎತ್ಕೊಡೋರು ಒಬ್ಬ ಗಂಡಸು, ದನಿ ಸ್ವಲ್ಪ ಮೂಗಿಂದು, ಸೊಲ್ಲಿನ ಕೊನೆ ಎಳೆದು ಬಿಡ್ತಾರೆ, ಹಿಂದೆ ಮೂರೋ ನಾಲ್ಕೋ ಜನ. ಹಾಡಿನ ಮಧ್ಯೆ ಒಬ್ಬ ಹೆಂಗಸು ಒಳಗಿಂದ "ತಡೀರಿ, ಎಣ್ಣೆ ತಂದೆ" ಅಂತಾರೆ, ನಾಯಿ ಬೊಗಳತ್ತೆ, ಒಂದು ಸಣ್ಣ ಮಗು ಕೆಮ್ಮತ್ತೆ. ಕ್ಯಾಸೆಟ್ ಮೇಲೆ ಪೆನ್ಸಿಲ್‌ನಲ್ಲಿ "ದೀಪಾವಳಿ" ಅಂತ ಬಿಟ್ರೆ ಬೇರೆ ಏನೂ ಇಲ್ಲ. ನನ್ನ ಲಾಗ್ ಹಾಳೆಲಿ ಹೆಸರು, ಊರು, ವರ್ಷ ಮೂರೂ ಖಾಲಿ ಬಿಟ್ಟಿದೀನಿ. ಆ ಕಡೆ ಅಂಟಿಗೆ ಪಂಟಿಗೆ ತಂಡದಲ್ಲಿ ತಿರುಗಿದೋರು, ಅವರ ಮಕ್ಕಳು ಮೊಮ್ಮಕ್ಕಳು ಯಾರಾದ್ರೂ ಇದನ್ನ ಓದಿದ್ರೆ, ಇದು ನಮ್ಮಪ್ಪನ ದನಿ ಇರಬಹುದು ಅಂತ ಅನ್ಸಿದ್ರೆ, ದಯವಿಟ್ಟು ಪತ್ರಿಕೆ ಕಚೇರಿಗೆ ಎರಡು ಸಾಲು ಬರೆದು ತಿಳಿಸಿ. ಹಾಡಿನ ಕಾಪಿ ತಗೊಂಡು ನಾನೇ ನಿಮ್ಮ ಮನೆಗೆ ಬರ್ತೀನಿ.

ಇಂತಿ,
ನಿಮ್ಮ ಪತ್ರಿಕೆ ಓದೋ ಒಬ್ಬ ರೇಡಿಯೋ ಕೆಲಸದವಳು,
ಶಿವಮೊಗ್ಗ